ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರಿಗೆ ಎಕ್ಸ್‌ಟೆಂಡೆಡ್ ವಾರಂಟಿ ತಗೊಳ್ಳಬೇಕಾ?

ಓದುಗರ ಪ್ರಶ್ನೆ: ಎಂಟು ವರ್ಷ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ನೋಡಿಟ್ಟಿದ್ದೇನೆ. ಟರ್ಬೊ ಎಂಜಿನ್, ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ (ಎರಡು ಕ್ಲಚ್ ಬಳಸಿ ತಾನೇ ಗೇರ್ ಬದಲಾಯಿಸುವಂಥದ್ದು), 52,000 ಕಿ.ಮೀ. ಓಡಿದೆ. ಕಂಪನಿ ವಾರಂಟಿ ಮುಗಿದಿದೆ. ಮಾರುವವರು ಎರಡು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿ ಕೊಡ್ತೀವಿ, ಆದರೆ ಇವತ್ತೇ ಹೇಳಬೇಕು ಅಂತಿದ್ದಾರೆ. ತಗೊಳ್ಳಲಾ, ಬಿಡಲಾ?

ಉತ್ತರ: ಮೊದಲು ಆ "ಇವತ್ತೇ" ಅನ್ನೋ ಮಾತನ್ನು ಪಕ್ಕಕ್ಕಿಡಿ. ನಾಳೆ ಕೊಡಲಾಗದಂಥ ವಾರಂಟಿ ಯಾವುದೂ ಇಲ್ಲ. ಷರತ್ತುಗಳಿರುವ ಪೂರ್ತಿ ಕಾಗದ ಕೇಳಿ. ಬಣ್ಣದ ಕರಪತ್ರ ಬೇಡ, ಕೊನೆಗೆ ನೀವು ಸಹಿ ಹಾಕುವ ಅದೇ ಕಾಗದ ಬೇಕು. ಅದನ್ನು ಮನೆಗೆ ಒಯ್ದು, ಕೈಯಲ್ಲೊಂದು ಪೆನ್ನು ಹಿಡಿದು ಓದಿ. ಕಾಗದ ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೆ ಮಾತು ಮುಗಿಯಿತು, ಆ ವಾರಂಟಿ ಬೇಡ.

ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ಕೆಲವು ವರ್ಷಗಳ ಹಿಂದೆ ನಾನೂ ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಜೊತೆ ಇಂಥದ್ದೇ ವಾರಂಟಿ ತಗೊಂಡಿದ್ದೆ. ಮುಖಪುಟದಲ್ಲಿ "ಎಂಜಿನ್, ಗೇರ್‌ಬಾಕ್ಸ್‌ಗೆ ಸಂಪೂರ್ಣ ರಕ್ಷಣೆ" ಅಂತ ದಪ್ಪಕ್ಷರದಲ್ಲಿ ಇತ್ತು. ಹದಿನಾಲ್ಕು ತಿಂಗಳಾದ ಮೇಲೆ ಕಾರು ರಿವರ್ಸ್ ಹಾಕಿದಾಗ ಜಗ್ಗೋಕೆ ಶುರುವಾಯಿತು, ಆಮೇಲೊಂದು ದಿನ ಸಿಗ್ನಲ್‌ನಲ್ಲಿ ನಿಂತದ್ದು ಮತ್ತೆ ಮುಂದಕ್ಕೆ ಹೋಗಲೇ ಇಲ್ಲ. ವಾರಂಟಿಯವರು ಹೇಳಿದ್ದು, "ಮೊದಲು ಗೇರ್‌ಬಾಕ್ಸ್ ಬಿಚ್ಚಿ ತೋರಿಸಿ. ಕ್ಲೇಮ್ ಒಪ್ಪಿಗೆಯಾಗದಿದ್ದರೆ ಬಿಚ್ಚಿದ ಕೂಲಿ ನಿಮ್ಮದು." ಸಹಿ ಹಾಕಿದೆ, ಬಿಚ್ಚಿದರು. ಮೆಕ್ಯಾನಿಕ್ ಒಂದು ರಬ್ಬರ್ ಸೀಲನ್ನು ಅಂಗೈ ಮೇಲಿಟ್ಟು ಹೆಬ್ಬೆರಳಿನಲ್ಲಿ ಒತ್ತಿ ತೋರಿಸಿದ. ಬಾಗಬೇಕಾದ ರಬ್ಬರ್ ಹಪ್ಪಳದ ಹಾಗೆ ಲಟಕ್ ಅಂತ ಮುರಿಯಿತು. ಆ ಸೀಲ್ ಒಣಗಿ ಎಣ್ಣೆ ಸೋರಿತ್ತು, ಎಣ್ಣೆ ಕಡಿಮೆಯಾಗಿ ಕ್ಲಚ್ ಸುಟ್ಟುಹೋಗಿತ್ತು. ಹನ್ನೊಂದನೇ ಪುಟದಲ್ಲಿ ಎರಡು ಸಾಲು ಇದ್ದವು. ಸೀಲ್ ಮತ್ತು ಗ್ಯಾಸ್ಕೆಟ್ ವಾರಂಟಿಗೆ ಸೇರಿಲ್ಲ. ಸೇರದ ಭಾಗದಿಂದ ಸೇರಿದ ಭಾಗ ಹಾಳಾದರೆ ಅದೂ ಸೇರಿಲ್ಲ. ಒಂದು ಸೀಲಿನಿಂದ ಇಡೀ ಗೇರ್‌ಬಾಕ್ಸ್ ಬಿಲ್ ನನ್ನ ತಲೆಗೇ ಬಂತು, ಬಿಚ್ಚಿದ ಕೂಲಿ ಬೇರೆ. ಆ ಎರಡು ಸಾಲುಗಳನ್ನು ನಾನು ಸಹಿ ಹಾಕುವ ಮುಂಚೆ ಓದಿರಲಿಲ್ಲ, ನೀವು ಓದಲಿ ಅಂತಲೇ ಇಷ್ಟು ಬರೆಯುತ್ತಿರುವುದು.

ಈಗ ನಿಮ್ಮ ಕಾರಿನ ವಿಷಯ.

ಸ್ಪೋರ್ಟ್ಸ್ ಕಾರಿನ ಕಷ್ಟ ಏನು ಗೊತ್ತಾ? ಕಾರಿನ ಬೆಲೆ ವರ್ಷ ವರ್ಷ ಇಳಿಯುತ್ತದೆ, ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಹೊಸದಾಗಿದ್ದಾಗ ಶ್ರೀಮಂತರ ಕಾರು, ಎಂಟು ವರ್ಷದ ಮೇಲೆ ನಮ್ಮಂಥವರ ಕೈಗೆಟುಕುತ್ತದೆ, ಆದರೆ ಗೇರ್‌ಬಾಕ್ಸ್ ಕೆಟ್ಟ ದಿನ ಬರುವ ಬಿಲ್ ಮಾತ್ರ ಆ ಹೊಸ ಕಾರಿನದ್ದೇ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ. ಅದಕ್ಕೇ ವಾರಂಟಿ ಮಾತು ಬಂದಾಗ "ಕಾರು ಕೆಡುತ್ತಾ?" ಅಂತ ಕೇಳಿಕೊಳ್ಳುವುದಕ್ಕಿಂತ "ಈ ಕಾರಿನಲ್ಲಿ ಕೆಡಬಹುದಾದ ಅತಿ ದೊಡ್ಡ ಭಾಗ ಯಾವುದು, ಅದರ ಬಿಲ್ ಒಂದೇ ಸಲಕ್ಕೆ ಬಂದರೆ ನಾನು ತಡ್ಕೋತೀನಾ?" ಅಂತ ಕೇಳಿಕೊಳ್ಳಿ. ತಡ್ಕೋತೀನಿ ಅನ್ನುವವರಿಗೆ ಬಹಳಷ್ಟು ಸಲ ವಾರಂಟಿ ಬೇಕಾಗುವುದಿಲ್ಲ. ಆ ಒಂದು ಬಿಲ್ಲಿನಿಂದ ಸಾಲ ಮಾಡಬೇಕಾದೀತು, ಇಲ್ಲ ಕಾರನ್ನು ಹಾಗೇ ನಿಲ್ಲಿಸಿಬಿಡಬೇಕಾದೀತು ಅನ್ನುವವರು ಮುಂದೆ ಓದಿ.

ಲೆಕ್ಕ ಸುಲಭ. ವಾರಂಟಿಗೆ ಒಂದು ಪಾಲು ದುಡ್ಡು, ಗೇರ್‌ಬಾಕ್ಸ್ ರಿಪೇರಿಗೆ ಐದು ಪಾಲು ಅಂತಿಟ್ಟುಕೊಳ್ಳಿ. ಎರಡು ವರ್ಷದಲ್ಲಿ ಅದು ಕೆಡುವ ಸಾಧ್ಯತೆ ಐದಕ್ಕೆ ಒಂದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಬರೀ ದುಡ್ಡಿನ ಲೆಕ್ಕದಲ್ಲಿ ವಾರಂಟಿ ಗಿಟ್ಟುತ್ತದೆ, ಅದೂ ಕ್ಲೇಮ್ ಪೂರ್ತಿ ಪಾಸಾದರೆ. ಮಾರುವವರ ಕಮಿಷನ್, ಕಂಪನಿಯ ಲಾಭ ಎಲ್ಲ ಆ ಒಂದು ಪಾಲಿನಲ್ಲೇ ಸೇರಿರುತ್ತದೆ, ಹಾಗಾಗಿ ಸರಾಸರಿ ಗಿರಾಕಿಗೆ ಕೊಟ್ಟಷ್ಟು ವಾಪಸ್ ಬರುವುದಿಲ್ಲ. ಕಮಿಷನ್ ಇರುವುದರಿಂದಲೇ ಬೆಲೆ ಚೌಕಾಶಿಗೂ ಬಗ್ಗುತ್ತದೆ, ಕೇಳೋಕೆ ಸಂಕೋಚ ಬೇಡ. ವಾರಂಟಿ ದುಡ್ಡನ್ನು ಕಾರಿನ ಸಾಲಕ್ಕೆ ಸೇರಿಸಿಬಿಡ್ತೀವಿ ಅಂದರೆ ಮಾತ್ರ ಒಪ್ಪಬೇಡಿ, ಅದಕ್ಕೂ ಬಡ್ಡಿ ಕಟ್ಟುತ್ತೀರಿ.

ಇನ್ನು ಕಾರಿನಿಂದ ಕಾರಿಗೆ ಮಾತು ಬದಲಾಗುತ್ತದೆ, ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಪ್ರತಿ ಸ್ಪೋರ್ಟ್ಸ್ ಕಾರಿಗೂ ಅದರದ್ದೇ ಒಂದು ನೋವಿನ ಜಾಗ ಇರುತ್ತದೆ. 1990ರ ದಶಕದ ಕೊನೆಯಿಂದ 2008ರವರೆಗಿನ ಪೋರ್ಷೆ ಬಾಕ್ಸ್‌ಸ್ಟರ್ ಮತ್ತು ಸಾಮಾನ್ಯ 911 ಕಾರುಗಳಲ್ಲಿ ಅದು ಐಎಂಎಸ್ ಬೇರಿಂಗ್, ಅಂದರೆ ಎಂಜಿನ್ ಒಳಗಿನ ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗ್. ಅದು ಒಡೆದರೆ ಟೈಮಿಂಗ್ ತಪ್ಪುತ್ತದೆ, ವಾಲ್ವ್‌ಗೂ ಪಿಸ್ಟನ್‌ಗೂ ಡಿಕ್ಕಿಯಾಗಿ ಇಡೀ ಎಂಜಿನ್ ಹೋಗುತ್ತದೆ. ಅದೇ ಕಾಲದ 911 ಟರ್ಬೊ ಮತ್ತು ಜಿಟಿ3 ಕಾರುಗಳಲ್ಲಿ ಬೇರೆ ಎಂಜಿನ್, ಅವಕ್ಕೆ ಈ ಕಾಟ ಇಲ್ಲ. 2009ರ ಮಾದರಿಯಿಂದ ಬಂದ ಹೊಸ ಎಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ. ನೋಡಿ, ಹೊರಗಿನಿಂದ ಒಂದೇ ಥರ ಕಾಣುವ ಎರಡು 911ಗಳಲ್ಲಿ ಒಂದಕ್ಕೆ ಕೇಳಬೇಕಾದ ಪ್ರಶ್ನೆ ಇನ್ನೊಂದಕ್ಕೆ ಬೇಕೇ ಇಲ್ಲ. ಆ ಬೇರಿಂಗ್ ಮುಟ್ಟಬೇಕಾದರೆ ಗೇರ್‌ಬಾಕ್ಸ್, ಕ್ಲಚ್ ಇಳಿಸಬೇಕು. ಅದಕ್ಕೇ ತಿಳಿದವರು, ಬದಲಾಯಿಸಲು ಬರುವ ಮಾದರಿಯಾದರೆ, ಕ್ಲಚ್ ಕೆಲಸಕ್ಕೆ ಕಾರು ಬಿಟ್ಟಾಗಲೇ ಅದನ್ನೂ ಬದಲಾಯಿಸಿಬಿಡುತ್ತಾರೆ. ಬದಲಾಯಿಸಿದ ಬಿಲ್ ಕಡತದಲ್ಲಿದ್ದರೆ ಆ ಒಂದು ಕಾಗದ ಎಷ್ಟೋ ವಾರಂಟಿಗಿಂತ ಮೇಲು.

2007ರಿಂದ 2013ರವರೆಗಿನ ವಿ8 ಎಂಜಿನ್‌ನ ಬಿಎಂಡಬ್ಲ್ಯು ಎಂ3 ತಗೊಳ್ಳಿ. 8,000 ಆರ್‌ಪಿಎಂ ದಾಟಿ ತಿರುಗುವ ಎಂಜಿನ್, ಅದರ ಸದ್ದು ಕೇಳಿಯೇ ಜನ ಮನಸೋಲುತ್ತಾರೆ. ಅದರಲ್ಲಿ ಕನೆಕ್ಟಿಂಗ್ ರಾಡ್ ಬೇರಿಂಗ್ ಬೇಗ ಸವೆಯುತ್ತದೆ. ಬೇರಿಂಗ್ ಸವೆದದ್ದು ಗೊತ್ತಾಗದೆ ಓಡಿಸಿದರೆ ಕ್ರ್ಯಾಂಕ್‌ಶಾಫ್ಟ್, ಅಂದರೆ ಎಂಜಿನ್ನಿನ ಮುಖ್ಯ ತಿರುಗುವ ದಂಡವೂ ಹೋಗುತ್ತದೆ. ಇಲ್ಲೇ ವಾರಂಟಿ ಕಾಗದದ "ಸವಕಳಿ ಸೇರಿಲ್ಲ" ಅನ್ನೋ ಸಾಲು ಕಚ್ಚುತ್ತದೆ. ಬೇರಿಂಗ್ ಸವೆದು ಕೆಟ್ಟಿತಾ, ಮುರಿದು ಕೆಟ್ಟಿತಾ ಅಂತ ವಾದ ಶುರುವಾಗುತ್ತದೆ. ಹಠಾತ್ತಾಗಿ ಮುರಿದದ್ದಕ್ಕೆ ಮಾತ್ರ ದುಡ್ಡು ಕೊಡುವ ವಾರಂಟಿ ಒಂದು ಥರ, ಸವೆದು ಕೆಟ್ಟದ್ದಕ್ಕೂ ಕೊಡುವುದು ಇನ್ನೊಂದು ಥರ. ಎರಡನೆಯದು ದುಬಾರಿ, ಆದರೆ ಹಳೆಯ ಕಾರಿಗೆ ಉಪಯೋಗಕ್ಕೆ ಬರುವುದು ಅದೇ.

ಮೊದಲ ತಲೆಮಾರಿನ ಆಡಿ ಆರ್8 ಆದರೆ ಮ್ಯಾಗ್ನೆಟಿಕ್ ಶಾಕ್ ಅಬ್ಸಾರ್ಬರ್ ಸೋರುತ್ತದೆ, ಎಷ್ಟೋ ಕಾಗದಗಳು ಶಾಕ್ ಅಬ್ಸಾರ್ಬರನ್ನು ಟೈರ್, ಬ್ರೇಕ್ ಪ್ಯಾಡ್ ಸಾಲಿಗೇ ಸೇರಿಸಿ ಕೈ ತೊಳೆದುಕೊಳ್ಳುತ್ತವೆ. ಕಾರ್ಬನ್ ಸೆರಾಮಿಕ್ ಬ್ರೇಕ್ ಡಿಸ್ಕ್ ಕೂಡ ಹಾಗೇ. ಅದರ ಸವೆತವನ್ನು ಡಿಸ್ಕಿನ ತೂಕದಿಂದಲೂ ಅಳೆಯುತ್ತಾರೆ, ಬೆಲೆಯಂತೂ ಎದೆ ಝಲ್ ಅನ್ನಿಸುವಂಥದ್ದು, ವಾರಂಟಿ ಅದರ ಹತ್ತಿರವೂ ಬರುವುದಿಲ್ಲ. ಹಳೆಯ ಮಜ್ದಾ ಎಂಎಕ್ಸ್-5 ಥರದ ಕಾರಾದರೆ ಕಥೆಯೇ ಬೇರೆ. ಟರ್ಬೊ ಇಲ್ಲದ ಸಣ್ಣ ಎಂಜಿನ್, ಮ್ಯಾನುಯಲ್ ಗೇರ್, ಯಾವ ಒಳ್ಳೆ ಮೆಕ್ಯಾನಿಕ್ ಆದರೂ ಬಿಚ್ಚಿ ಕಟ್ಟಬಲ್ಲ. ಅದಕ್ಕೆ ಸುಮ್ನೆ ವಾರಂಟಿ ದುಡ್ಡು ಹಾಕಬೇಡಿ.

ನಿಮ್ಮದು ಟರ್ಬೊ, ಡ್ಯುಯಲ್ ಕ್ಲಚ್. ಅಂದರೆ ನೋವಿನ ಜಾಗ ಗೇರ್‌ಬಾಕ್ಸ್ ಮತ್ತು ಅದನ್ನು ನಡೆಸುವ ಮೆಕಾಟ್ರಾನಿಕ್ ಯೂನಿಟ್. ಕಂಪ್ಯೂಟರ್, ಸೆನ್ಸರ್, ಎಣ್ಣೆ ಒತ್ತಡದ ವಾಲ್ವ್ ಎಲ್ಲ ಒಂದೇ ಡಬ್ಬಿಯಲ್ಲಿ ಇರುತ್ತವೆ. ಒಂದು ಸಣ್ಣ ಸೆನ್ಸರ್ ಹೋದರೂ ಎಷ್ಟೋ ಸಲ ಡಬ್ಬಿಯನ್ನೇ ಬದಲಾಯಿಸಿ ಅಂತಾರೆ. ಹಾಗಾಗಿ ಕಾಗದದಲ್ಲಿ "ಗೇರ್‌ಬಾಕ್ಸ್" ಅಂತ ಬರೆದಿದೆ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಮೆಕಾಟ್ರಾನಿಕ್ ಯೂನಿಟ್ ಸೇರಿದೆಯಾ, ಕ್ಲಚ್ ಪ್ಯಾಕ್ ಸೇರಿದೆಯಾ, ಸೀಲ್ ಸೇರಿದೆಯಾ ಅಂತ ಹೆಸರು ಹಿಡಿದು ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ.

ಕಾಗದ ಓದುವಾಗ ಒಂದು ಉಪಾಯ ಇದೆ. ಕೆಲವು ವಾರಂಟಿಗಳು ಸೇರಿರುವ ಭಾಗಗಳ ಪಟ್ಟಿ ಕೊಡುತ್ತವೆ, ಪಟ್ಟಿಯಲ್ಲಿ ಇಲ್ಲದ್ದು ಇಲ್ಲ. ಇನ್ನು ಕೆಲವು ಸೇರದ ಭಾಗಗಳ ಪಟ್ಟಿ ಕೊಡುತ್ತವೆ, ಉಳಿದದ್ದೆಲ್ಲ ಇದೆ. ಇವತ್ತಿನ ಕಾರಿನಲ್ಲಿ ಅಷ್ಟೊಂದು ಮಾಡ್ಯೂಲ್, ಮೋಟರ್, ಸೆನ್ಸರ್ ಇರುವಾಗ ಎರಡನೇ ಥರದ್ದೇ ನಂಬುವಂಥದ್ದು. ಆಮೇಲೆ ಒಂದು ಕ್ಲೇಮ್‌ಗೆ ಗರಿಷ್ಠ ಎಷ್ಟು ಕೊಡ್ತಾರೆ ನೋಡಿ. ಆ ಮಿತಿ ಗೇರ್‌ಬಾಕ್ಸ್ ಬೆಲೆಯ ಅರ್ಧಕ್ಕೇ ನಿಂತರೆ ನೀವು ಕೊಂಡದ್ದು ಅರ್ಧ ವಾರಂಟಿ. ಗಂಟೆಗೆ ಎಷ್ಟು ಲೇಬರ್ ಚಾರ್ಜ್ ಒಪ್ಪುತ್ತಾರೆ ಅನ್ನುವುದನ್ನೂ ನೋಡಿ. ಸ್ಪೋರ್ಟ್ಸ್ ಕಾರಿನ ಗ್ಯಾರೇಜಿನ ದರ ಸಾಮಾನ್ಯ ಗ್ಯಾರೇಜಿಗಿಂತ ಜಾಸ್ತಿ, ಆ ವ್ಯತ್ಯಾಸ ನಿಮ್ಮ ಜೇಬಿನಿಂದ ಹೋಗುತ್ತದೆ. ಪ್ರತಿ ಕ್ಲೇಮ್‌ಗೂ ನೀವು ಕೈಯಿಂದ ಹಾಕಬೇಕಾದ ಪಾಲು, ಮೊದಲ ಕೆಲವು ವಾರ ಕ್ಲೇಮ್ ಮಾಡುವಂತಿಲ್ಲ ಅನ್ನುವ ಷರತ್ತು, ಬಿಚ್ಚಿ ನೋಡುವ ಕೂಲಿ ಯಾರದ್ದು ಅನ್ನುವುದು, ಇವಿಷ್ಟಕ್ಕೂ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ.

ತಯಾರಕರದ್ದೇ ವಾರಂಟಿ ಸಿಗುತ್ತದಾ ಅಂತ ಮೊದಲು ವಿಚಾರಿಸಿ. ಪೋರ್ಷೆ ಅನೇಕ ದೇಶಗಳಲ್ಲಿ ಕಾರಿಗೆ 15 ವರ್ಷ ಆಗುವವರೆಗೂ ತನ್ನದೇ ವಾರಂಟಿ ಕೊಡುತ್ತದೆ, ಫೆರಾರಿಗೂ 15ನೇ ವರ್ಷದವರೆಗೆ ವಿಸ್ತರಿಸುವ ಯೋಜನೆ ಇದೆ. ಇಂಥವಕ್ಕೆ ಮೊದಲು ಕಾರು ಪರೀಕ್ಷೆಯಲ್ಲಿ ಪಾಸಾಗಬೇಕು. ಪೋರ್ಷೆಯದ್ದು 111 ಅಂಶಗಳ ತಪಾಸಣೆ. ಎಂಜಿನ್ ಕಂಪ್ಯೂಟರಿನಲ್ಲಿ ಉಳಿದಿರುವ ಓವರ್‌ರೆವ್ ದಾಖಲೆಯನ್ನೂ ತೆಗೆದು ನೋಡುತ್ತಾರೆ, ಅಂದರೆ ಯಾರಾದರೂ ಐದನೇ ಗೇರಿನಿಂದ ತಪ್ಪಿ ಎರಡಕ್ಕೆ ಹಾಕಿ ಎಂಜಿನ್ನನ್ನು ಮಿತಿ ಮೀರಿ ತಿರುಗಿಸಿದ್ದರೆ ಅದು ಅಲ್ಲಿ ಕುಳಿತಿರುತ್ತದೆ. ಆ ತಪಾಸಣೆಯ ವರದಿಯೇ ನಿಮಗೆ ಸಿಗುವ ದೊಡ್ಡ ಲಾಭ. ಹಿಂದಿನ ಮಾಲೀಕರು ಕಾರನ್ನು ಹೇಗೆ ಓಡಿಸಿದ್ದಾರೆ ಅನ್ನೋದು ಬಾಯಿ ಮಾತಿಲ್ಲದೆ ಗೊತ್ತಾಗುತ್ತದೆ.

ಹೊರಗಿನ ಕಂಪನಿಯ ವಾರಂಟಿ ಆದರೆ, ಕ್ಲೇಮ್ ದುಡ್ಡು ಕೊನೆಗೆ ಕೊಡುವವರು ಯಾರು ಅಂತ ಕೇಳಿ. ಹಿಂದೆ ಒಂದು ವಿಮಾ ಕಂಪನಿ ಇದ್ದರೆ ಒಂದಿಷ್ಟು ಧೈರ್ಯ. ಬರೀ ಮಾರಾಟಗಾರರ ಮಾತಿನ ಮೇಲೆ ನಿಂತಿದ್ದರೆ, ಅವರ ಅಂಗಡಿ ಮುಚ್ಚಿದ ದಿನ ನಿಮ್ಮ ವಾರಂಟಿಯೂ ಮುಚ್ಚಿತು.

ಕಾರಿನ ಮೇಲೂ ಒಂದು ಕಣ್ಣಿಡಿ. ಎಂಜಿನ್ ಶಕ್ತಿ ಹೆಚ್ಚಿಸೋಕೆ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಟ್ಯೂನ್ ಮಾಡಿಸಿದ ಕಾರುಗಳು ಟರ್ಬೊಗಳಲ್ಲಿ ತುಂಬ. ಮಾರುವ ಮುಂಚೆ ಹಳೆಯ ಸಾಫ್ಟ್‌ವೇರ್ ವಾಪಸ್ ಹಾಕಿದರೂ ಎಷ್ಟೋ ಕಾರುಗಳಲ್ಲಿ ಅದರ ಗುರುತು ಉಳಿಯುತ್ತದೆ. ಕ್ಲೇಮ್ ದಿನ ಅದು ಸಿಕ್ಕರೆ ಮಾಡಿದ್ದು ಹಿಂದಿನವರು, ಅನುಭವಿಸುವುದು ನೀವು. ರೇಸ್ ಟ್ರ್ಯಾಕಿಗೆ ಒಯ್ಯುವ ಆಸೆ ಇದ್ದರೆ ಅದನ್ನೂ ನೋಡಿಕೊಳ್ಳಿ, ಸಾಮಾನ್ಯವಾಗಿ ಅಲ್ಲಿ ಆದದ್ದಕ್ಕೆ ವಾರಂಟಿ ಇರುವುದಿಲ್ಲ. ಸರ್ವಿಸ್ ಒಂದು ತಿಂಗಳು ತಡವಾದರೂ ಅದೇ ನೆಪವಾಗಬಹುದು, ಬಿಲ್‌ಗಳನ್ನು ಜೋಪಾನ ಮಾಡಿ.

ಕೊಳ್ಳುವ ಮುಂಚೆ ಮಾರುವವರಿಗೆ ಸಂಬಂಧವಿಲ್ಲದ, ಆ ಮಾದರಿ ಬಲ್ಲ ಮೆಕ್ಯಾನಿಕ್ ಹತ್ತಿರ ಕಾರನ್ನು ಲಿಫ್ಟ್ ಮೇಲೆ ಏರಿಸಿ ನೋಡಿಸಿ. ವಾರಂಟಿ ತಗೊಂಡರೂ ಇದನ್ನು ಬಿಡಬೇಡಿ, ಯಾಕಂದರೆ ಮೊದಲೇ ಇದ್ದ ದೋಷಕ್ಕೆ ಯಾವ ವಾರಂಟಿಯೂ ದುಡ್ಡು ಕೊಡುವುದಿಲ್ಲ.

ನನ್ನನ್ನೇ ಕೇಳಿದರೆ, ಈ ಕಾರಿಗೆ ತಯಾರಕರ ಪೂರ್ಣ ವಾರಂಟಿ ಸಿಗುತ್ತದೆ ಅನ್ನುವುದಾದರೆ ತಗೊಳ್ಳಿ ಅಂತೀನಿ, ಡ್ಯುಯಲ್ ಕ್ಲಚ್ ಇರುವ ಕಾರಿಗೆ ಅದು ದಂಡವಲ್ಲ. ಮುಂದೆ ಮಾರುವಾಗ ಹೊಸ ಮಾಲೀಕರ ಹೆಸರಿಗೆ ವರ್ಗಾಯಿಸಲು ಬಂದರೆ ಬೆಲೆಯಲ್ಲೂ ಒಂದಿಷ್ಟು ವಾಪಸ್ ಬರುತ್ತದೆ. ಹೊರಗಿನವರದ್ದಾದರೆ ಮೆಕಾಟ್ರಾನಿಕ್, ಸೀಲ್, ಕ್ಲೇಮ್ ಮಿತಿ ಈ ಮೂರಕ್ಕೂ ಬರಹದಲ್ಲಿ ಸರಿಯಾದ ಉತ್ತರ ಬಂದರೆ ಮಾತ್ರ. ಒಂದಕ್ಕೆ ತೊದಲಿದರೂ ಬಿಡಿ, ಅದೇ ದುಡ್ಡನ್ನು ಬೇರೆ ಖಾತೆಯಲ್ಲಿಟ್ಟು ಕಾರಿನ ಹೆಸರು ಬರೆದಿಡಿ, ಪ್ರತಿ ತಿಂಗಳು ಒಂದಿಷ್ಟು ಸೇರಿಸುತ್ತಾ ಹೋಗಿ. ಅದರಿಂದ ಮೊದಲ ಖರ್ಚು ಗೇರ್‌ಬಾಕ್ಸ್ ಎಣ್ಣೆ ಮತ್ತು ಫಿಲ್ಟರ್ ಬದಲಾವಣೆಗೆ ಇರಲಿ. ಎಂಟು ವರ್ಷದಲ್ಲಿ ಅದು ಯಾವಾಗ ಆಗಿದೆ ಅಂತ ನೀವು ಬರೆದಿಲ್ಲ. ಮಾರುವವರಿಗೆ ಇವತ್ತೇ ಉತ್ತರ ಬೇಕು ಅಂದರೆ, ನೀವೂ ಇವತ್ತೇ ಆ ಬಿಲ್ ತೋರಿಸಿ ಅಂತ ಕೇಳಿ.