ರಾತ್ರಿ ದಡದಿಂದ ಡೈವ್: ಹೋದ ದಾರಿ ಹಿಡಿದು ವಾಪಸ್ ಬರುವುದು

ನಿನ್ನೆ ರಾತ್ರಿ ದಡದ ಕಡೆ ಈಜುತ್ತಿದ್ದೇನೆ ಅಂದುಕೊಂಡು ನಾನು ಸಮುದ್ರದ ಕಡೆ ಈಜಿದೆ. ಸುಮಾರು ನಾಲ್ಕು ನಿಮಿಷ. ಬಡ್ಡಿ, ಅಂದರೆ ಡೈವ್‌ನ ಜೊತೆಗಾರ, ಟಾರ್ಚ್ ಆಡಿಸಿ ನಿಲ್ಲಿಸದೇ ಇದ್ದಿದ್ದರೆ ಇನ್ನೂ ಹೋಗುತ್ತಿದ್ದೆ. ಟ್ಯಾಂಕ್‌ನಲ್ಲಿ ಗಾಳಿ ಸಾಕಷ್ಟಿತ್ತು, ಅನಾಹುತ ಏನೂ ಆಗಲಿಲ್ಲ. ಬೆಳಿಗ್ಗೆ ಕಂಪಾಸ್ ಕೈಯಲ್ಲಿ ಹಿಡಿದು ಕೂತು, ತಪ್ಪಿದ್ದು ಎಲ್ಲಿ ಅಂತ ಒಂದೊಂದೇ ಹೆಜ್ಜೆ ಬಿಡಿಸಿ ನೋಡಿದೆ. ಸಿಕ್ಕಿತು. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ನೀವೂ ಕಲಿಯುತ್ತಿದ್ದರೆ ಇದೇ ಜಾಗದಲ್ಲಿ ಎಡವುವ ಸಾಧ್ಯತೆ ಜಾಸ್ತಿ.

ಡೈವಿಂಗ್‌ನ ಮೂಲ ಪಾಠ ಆಗಿದೆ, ಹಗಲಲ್ಲಿ ಒಂದಷ್ಟು ಡೈವ್ ಮಾಡಿದ್ದೀರಿ ಅಂತ ಇಟ್ಟುಕೊಂಡು ಬರೆಯುತ್ತೇನೆ.

ನಮ್ಮ ದಾರಿಯ ಆಕಾರ

ಉಷ್ಣವಲಯದ ದ್ವೀಪಗಳಲ್ಲಿ ಹವಳದ ರೀಫ್, ಅಂದರೆ ಹವಳದ ದಿಬ್ಬ, ಸಾಮಾನ್ಯವಾಗಿ ದಡಕ್ಕೆ ಸಮಾನಾಂತರವಾಗಿ ಹೋಗುತ್ತದೆ. ಹಾಗಾಗಿ ದಾರಿ ಒಂದು ಮೂಲೆಯ ಆಕಾರದಲ್ಲಿರುತ್ತದೆ. ದಡದಿಂದ ನೇರ ರೀಫ್ ಅಂಚಿನವರೆಗೆ, ಅಲ್ಲಿಂದ ಅಂಚು ಹಿಡಿದು ಒಂದು ಪಕ್ಕಕ್ಕೆ, ಆಮೇಲೆ ಅದೇ ಅಂಚಿನಲ್ಲಿ ವಾಪಸ್, ಮೂಲೆ ಸಿಕ್ಕಿದ ಮೇಲೆ ದಡಕ್ಕೆ. ಹೋಗುವಾಗ ರೀಫ್ ಬಲಗಡೆ ಇದ್ದರೆ ಬರುವಾಗ ಎಡಗಡೆ. ಮೊದಲು ಸೆಳೆತದ ಎದುರಿಗೆ ಹೋಗಿ, ಸುಸ್ತಾದ ಮೇಲೆ ಸೆಳೆತದ ಜೊತೆ ಬರುವುದು. ಅಂಚಿನ ಮೇಲೆ ಇರುವವರೆಗೂ ಕಂಪಾಸ್ ಅಷ್ಟಾಗಿ ಬೇಕಿಲ್ಲ, ಆಳ ಒಂದೇ ಮಟ್ಟದಲ್ಲಿಟ್ಟರೆ ಸಾಕು. ಕಷ್ಟ ಇರುವುದು ಮೂಲೆಯಿಂದ ದಡದವರೆಗಿನ ಮರಳಿನ ತುಂಡಿನಲ್ಲಿ. ಅಲ್ಲಿ ಹಿಡಿದುಕೊಳ್ಳಲು ಒಂದು ಗುರುತೂ ಇಲ್ಲ.

ನಾನು ಎಡವಿದ ಹೆಜ್ಜೆ

ಕಂಪಾಸ್‌ನಲ್ಲಿ ಮೂರು ವಸ್ತು. ನಡುವಿನ ನೇರ ಗೆರೆ, ಅದು ಲಬ್ಬರ್ ಲೈನ್. ಉತ್ತರ ತೋರಿಸುವ ಮುಳ್ಳು. ಹೊರಗಡೆ ತಿರುಗುವ ಬಳೆ, ಅಂದರೆ ಬೆಜೆಲ್, ಅದರ ಮೇಲೆ ಜೋಡಿ ಕಚ್ಚು.

ದಡದಲ್ಲಿ ನಿಂತು ಲಬ್ಬರ್ ಲೈನನ್ನು ಹೋಗುವ ಕಡೆಗೆ ಗುರಿ ಇಡಿ. ಬಳೆ ತಿರುಗಿಸಿ ಮುಳ್ಳಿನ ಉತ್ತರದ ತುದಿಯನ್ನು ಜೋಡಿ ಕಚ್ಚಿನ ನಡುವೆ ತನ್ನಿ. ಈಜುವಾಗ ಮುಳ್ಳು ಕಚ್ಚಿನೊಳಗೇ ಇದ್ದರೆ ದಾರಿ ಸರಿ ಇದೆ. ಇಷ್ಟು ಎಲ್ಲರಿಗೂ ಬರುತ್ತದೆ.

ವಾಪಸ್ ತಿರುಗಲು ಎರಡು ವಿಧಾನ ಇವೆ. ಒಂದು: ಬಳೆಯನ್ನು ಮುಟ್ಟಲೇಬೇಡಿ. ಮುಳ್ಳಿನ ಉತ್ತರದ ತುದಿ ಕಚ್ಚಿನ ಸರಿಯಾಗಿ ಎದುರು ಬದಿಗೆ ಬರುವವರೆಗೆ ಮೈ ತಿರುಗಿಸಿ. ಎರಡು: ಬಳೆಯನ್ನು 180 ಡಿಗ್ರಿ ತಿರುಗಿಸಿ, ಆಮೇಲೆ ಮುಳ್ಳು ಕಚ್ಚಿನೊಳಗೆ ಬರುವವರೆಗೆ ಮೈ ತಿರುಗಿಸಿ. ಎರಡೂ ಸರಿ. ಎರಡೂ ದಡಕ್ಕೇ ಕರೆದುಕೊಂಡು ಬರುತ್ತವೆ.

ನಾನು ಮಾಡಿದ್ದು ಎರಡರಲ್ಲೂ ಅರ್ಧರ್ಧ. ಮೂಲೆಯಲ್ಲಿ ನಿಂತು ಬಳೆಯನ್ನು 180 ತಿರುಗಿಸಿದೆ. ಆಮೇಲೆ ಅಭ್ಯಾಸಬಲದಿಂದ ಮುಳ್ಳನ್ನು ಕಚ್ಚಿನ *ಎದುರು* ಬದಿಗೆ ತಂದೆ. ಒಂದು ಸಲ ತಿರುಗಿಸಿದ್ದು ಇನ್ನೊಂದು ಸಲ ತಿರುಗಿಸಿದ್ದನ್ನು ಹೊಡೆದು ಹಾಕಿತು. 180 ಮತ್ತು 180 ಸೇರಿ 360, ಅಂದರೆ ಮೊದಲು ಹೊರಟ ದಿಕ್ಕೇ. ಮುಳ್ಳು ಅಚ್ಚುಕಟ್ಟಾಗಿ ಗುರುತಿನ ಮೇಲೆ ನಿಂತಿತ್ತು, ನಾನು ಕೊಂಚವೂ ಅನುಮಾನ ಇಲ್ಲದೆ ಆಳ ಸಮುದ್ರದ ಕಡೆ ಹೋಗುತ್ತಿದ್ದೆ. ಹಗಲಾಗಿದ್ದರೆ ತಳ ಇಳಿಜಾರಾಗುತ್ತಿರುವುದು ದೂರದಿಂದಲೇ ಕಾಣುತ್ತಿತ್ತು. ರಾತ್ರಿ ಟಾರ್ಚ್ ಬೆಳಕಿನ ವೃತ್ತ ಬಿಟ್ಟರೆ ಏನೂ ಇಲ್ಲ, ಕಂಪಾಸ್ ಹೇಳಿದ್ದನ್ನೇ ನಂಬಬೇಕು, ಅದರಲ್ಲೂ ಅದು ನಾವು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತದೆ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಹಾಗಾಗಿ ಇನ್ನು ಮುಂದೆ ನನಗೆ ಒಂದೇ ವಿಧಾನ: ನೀರಿಗಿಳಿದ ಮೇಲೆ ಬಳೆ ಮುಟ್ಟುವುದಿಲ್ಲ. ನೀವು ಎರಡನೆಯದನ್ನೇ ಆರಿಸಿಕೊಂಡರೂ ಪರವಾಗಿಲ್ಲ, ಆದರೆ ಯಾವಾಗಲೂ ಅದೊಂದನ್ನೇ ಮಾಡಿ. ಕತ್ತಲಲ್ಲಿ, ಸ್ವಲ್ಪ ಆಯಾಸ ಆಗಿರುವಾಗ, ಕೈ ತಾನಾಗಿ ಮಾಡುವುದನ್ನೇ ಮಾಡುತ್ತದೆ.

ಇದರ ಜೊತೆ ಇನ್ನೊಂದು ಮಾತು ತಲೆಗೆ ಇಳಿಯಲು ನನಗೆ ತುಂಬಾ ಹೊತ್ತು ಹಿಡಿಯಿತು. ಮುಳ್ಳು ತಿರುಗುವುದಿಲ್ಲ. ಅದು ಉತ್ತರಕ್ಕೆ ಮುಖ ಮಾಡಿ ಸುಮ್ನೆ ನಿಂತಿರುತ್ತದೆ, ಅದರ ಸುತ್ತ ತಿರುಗುವವರು ನಾವು. ಮುಳ್ಳನ್ನು ಗುರುತಿನ ಮೇಲೆ ತರಬೇಕು ಅನ್ನುವ ಅವಸರದಲ್ಲಿ ಮಣಿಕಟ್ಟು ಮಾತ್ರ ತಿರುಚಿದರೆ ಗೆರೆ ಒಂದು ಕಡೆ ನೋಡುತ್ತದೆ, ಮೈ ಇನ್ನೊಂದು ಕಡೆ ಹೋಗುತ್ತದೆ. ಲಬ್ಬರ್ ಲೈನು ಯಾವಾಗಲೂ ಬೆನ್ನುಮೂಳೆಯ ನೇರಕ್ಕೇ ಇರಬೇಕು.

ಕೈ ಇಡುವ ರೀತಿ ಹೀಗೆ: ಟಾರ್ಚ್ ಹಿಡಿದ ಬಲಗೈಯನ್ನು ಮುಂದಕ್ಕೆ ನೇರ ಚಾಚಿ. ಕಂಪಾಸ್ ಕಟ್ಟಿದ ಎಡಗೈಯಿಂದ ಬಲ ಮೊಣಕೈಯನ್ನು ಹಿಡಿದುಕೊಳ್ಳಿ. ಕಂಪಾಸ್ ಸರಿಯಾಗಿ ಕಣ್ಣ ಮುಂದೆ ಬರುತ್ತದೆ, ಟಾರ್ಚ್ ಬೆಳಕು ಹೋಗುವ ದಿಕ್ಕಿಗೇ ಬೀಳುತ್ತದೆ. ಇನ್ನೊಂದು ಲಾಭವೂ ಇದೆ, ಟಾರ್ಚ್ ಕಂಪಾಸ್‌ನಿಂದ ದೂರ ಇರುತ್ತದೆ. ಎಷ್ಟೋ ಡೈವ್ ಟಾರ್ಚ್‌ಗಳ ಸ್ವಿಚ್‌ನಲ್ಲಿ ಅಯಸ್ಕಾಂತ ಇರುತ್ತದೆ. ಕಂಪಾಸ್ ಹತ್ತಿರ ತಂದರೆ ಮುಳ್ಳು ಅದರ ಕಡೆ ವಾಲುತ್ತದೆ. ದಡದಲ್ಲೇ ನಿಮ್ಮ ಟಾರ್ಚನ್ನು ಕಂಪಾಸ್ ಪಕ್ಕಕ್ಕೆ ತಂದು ನೋಡಿ, ಒಮ್ಮೆ ಕಂಡ ಮೇಲೆ ಮರೆಯುವುದಿಲ್ಲ. ಮತ್ತೆ ಕಂಪಾಸ್ ಮಟ್ಟವಾಗಿರಲಿ. ವಾಲಿದರೆ ಮುಳ್ಳು ತಳಕ್ಕೆ ಉಜ್ಜಿ ಅಂಟಿಕೊಳ್ಳುತ್ತದೆ, ಅಂಟಿಕೊಂಡ ಮುಳ್ಳು ಕೂಡ ದಾರಿ ಸರಿ ಇದ್ದ ಹಾಗೇ ಕಾಣುತ್ತದೆ.

ತಪ್ಪು ಹಿಡಿಯುವ ಸಣ್ಣ ಪರೀಕ್ಷೆಗಳು

ನಿನ್ನೆ ಇವುಗಳಲ್ಲಿ ಒಂದನ್ನು ಮಾಡಿದ್ದರೂ ಸಾಕಿತ್ತು.

ಮೊದಲನೆಯದು ನನಗೆ ತುಂಬಾ ಇಷ್ಟವಾದದ್ದು. ದಡದಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತು, ಮುಳ್ಳಿನ ಉತ್ತರದ ತುದಿ ನಿಮ್ಮ ಯಾವ ಪಕ್ಕಕ್ಕಿದೆ ನೋಡಿ. ಸಮುದ್ರ ಪಶ್ಚಿಮಕ್ಕಿದ್ದರೆ ಹೋಗುವಾಗ ಉತ್ತರ ಬಲಗಡೆ, ಬರುವಾಗ ಎಡಗಡೆ. ಅಷ್ಟೇ. ಕಚ್ಚು, ಬಳೆ, ಸಂಖ್ಯೆ ಎಲ್ಲ ಗೊಂದಲವಾದರೂ ಇದು ಉಳಿಯುತ್ತದೆ. ಮುಳ್ಳು ಇನ್ನೂ ಬಲಗಡೆಯೇ ಇದ್ದರೆ ನೀವು ದಡಕ್ಕೆ ಹೋಗುತ್ತಿಲ್ಲ. ಸಮುದ್ರ ಉತ್ತರಕ್ಕೋ ದಕ್ಷಿಣಕ್ಕೋ ಇದ್ದರೆ ಎಡ ಬಲದ ಬದಲು ಮುಂದೆ ಹಿಂದೆ ಅಂತ ಇಟ್ಟುಕೊಳ್ಳಿ.

ಎರಡನೆಯದು ಸಂಖ್ಯೆಯ ಲೆಕ್ಕ, ಅಂದರೆ ಹೊರಟ ದಿಕ್ಕಿನ ಡಿಗ್ರಿಯಿಂದ ವಾಪಸ್ ಬರುವ ಡಿಗ್ರಿ ಕಂಡುಹಿಡಿಯುವುದು. 180 ಕೂಡಿಸುವುದು ಕಳೆಯುವುದು ನೀರಿನೊಳಗೆ ಕಷ್ಟ, ಆಳದಲ್ಲಿ ತಲೆ ಸ್ವಲ್ಪ ನಿಧಾನ ಆಗುತ್ತದೆ ಅಲ್ವಾ? 200 ಕಳೆದು 20 ಕೂಡಿಸಿ. 260ಕ್ಕೆ ಹೊರಟಿದ್ದರೆ 60, ಆಮೇಲೆ 80. ಸಂಖ್ಯೆ 180ಕ್ಕಿಂತ ಚಿಕ್ಕದಿದ್ದರೆ 200 ಕೂಡಿಸಿ 20 ಕಳೆಯಿರಿ. 70 ಆದರೆ 270, ಆಮೇಲೆ 250. ಇನ್ನೂ ಒಳ್ಳೆಯದು ಅಂದರೆ ಎರಡನ್ನೂ ದಡದಲ್ಲೇ ಸ್ಲೇಟ್ ಮೇಲೆ ಬರೆದುಕೊಳ್ಳುವುದು.

ಮೂರನೆಯದು ಆಳ. ದಡದ ಕಡೆ ಹೋಗುತ್ತಿದ್ದರೆ ತಳ ಮೇಲೇರಬೇಕು. ನಿನ್ನೆ ನಾನು 9 ಮೀಟರ್‌ನಲ್ಲಿ ತಿರುಗಿದೆ, ಬಡ್ಡಿ ನಿಲ್ಲಿಸಿದಾಗ 13 ಇತ್ತು. ಆಳ ತೋರಿಸುವ ಡೈವ್ ಕಂಪ್ಯೂಟರ್ ಕೈಯಲ್ಲೇ ಇತ್ತು, ನೋಡಲಿಲ್ಲ. ತಿರುಗಿದ ಮೇಲೆ 20 ಕಿಕ್ (ಈಜುವಾಗ ಕಾಲಿನ ಬಡಿತ) ಎಣಿಸಿ, ಆಳ ನೋಡಿ. ಜಾಸ್ತಿ ಆಗಿದ್ದರೆ ನಿಂತುಬಿಡಿ. ಮರಳಿನಲ್ಲಿ ಅಲೆ ಮೂಡಿಸಿದ ಗೆರೆಗಳೂ ಸಹಾಯ ಮಾಡುತ್ತವೆ. ಅವು ಹೆಚ್ಚಾಗಿ ದಡಕ್ಕೆ ಸಮಾನಾಂತರ ಇರುತ್ತವೆ, ಹಾಗಾಗಿ ಅವನ್ನು ಅಡ್ಡಡ್ಡ ದಾಟುತ್ತಿರಬೇಕು. ಆದರೆ ಗೆರೆ ನೋಡಿ ದಡ ಮುಂದಿದೆಯೋ ಹಿಂದಿದೆಯೋ ಗೊತ್ತಾಗುವುದಿಲ್ಲ, ಅದನ್ನು ಆಳವೇ ಹೇಳಬೇಕು.

ಬೇಕೆಂದೇ ಪಕ್ಕಕ್ಕೆ ಗುರಿ ಇಡುವುದು

ಇದನ್ನು ಕಲಿತ ಮೇಲೆ ನನ್ನ ಹೆದರಿಕೆ ಅರ್ಧ ಕಡಿಮೆಯಾಯಿತು.

ದಡದಲ್ಲಿ ಹತ್ತಿ ಬರಲು ಆಗುವ ಜಾಗ ಕೆಲವೊಮ್ಮೆ ಹತ್ತು ಹದಿನೈದು ಮೀಟರ್ ಅಗಲ ಮಾತ್ರ, ಎರಡೂ ಪಕ್ಕ ಬಂಡೆ ಅಥವಾ ಹವಳ. ಕಂಪಾಸ್ ಹಿಡಿದು ಎಷ್ಟೇ ನೇರ ಬಂದರೂ 5 ಡಿಗ್ರಿ ತಪ್ಪುವುದು ಸಹಜ. 100 ಮೀಟರ್ ದೂರಕ್ಕೆ 5 ಡಿಗ್ರಿ ಅಂದರೆ ಸುಮಾರು 9 ಮೀಟರ್ ಪಕ್ಕಕ್ಕೆ. ತೊಂದರೆ 9 ಮೀಟರ್ ಅಲ್ಲ. ಜಾಗ ಸಿಗದಿದ್ದಾಗ ಅದು ಎಡಗಡೆ ಇದೆಯೋ ಬಲಗಡೆ ಇದೆಯೋ ಗೊತ್ತಾಗುವುದಿಲ್ಲ, ಅದೇ ತೊಂದರೆ. ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಹುಡುಕುತ್ತಾ ಗಾಳಿ ಖಾಲಿಯಾಗುತ್ತದೆ.

ಹಾಗಾಗಿ ಜಾಗಕ್ಕೇ ಗುರಿ ಇಡಬೇಡಿ. 10 ಡಿಗ್ರಿ ಪಕ್ಕಕ್ಕೆ ಇಡಿ, ಸೆಳೆತ ಬರುತ್ತಿರುವ ಕಡೆಗೆ. 80ಕ್ಕೆ ಬರಬೇಕಾದವರು, ಸೆಳೆತ ಉತ್ತರದಿಂದ ಬರುತ್ತಿದ್ದರೆ, 70ಕ್ಕೆ ಬನ್ನಿ. 100 ಮೀಟರ್‌ಗೆ ಸುಮಾರು 17 ಮೀಟರ್ ಉತ್ತರಕ್ಕೆ ತಲುಪುತ್ತೀರಿ. ದಾರಿಯಲ್ಲಿ ಸೆಳೆತ ಅದರಲ್ಲಿ ಒಂದಷ್ಟನ್ನು ವಾಪಸ್ ತಳ್ಳಿರುತ್ತದೆ. ನೀರಿನ ಆಳ ಕಡಿಮೆಯಾದಾಗ ಜಾಗ ಕಾಣದಿದ್ದರೆ ಯೋಚನೆ ಬೇಡ, ಅದು ಬಲಗಡೆಯೇ ಇದೆ. ಬಲಕ್ಕೆ ತಿರುಗಿ ಸೆಳೆತದ ಜೊತೆ ನಿಧಾನ ಬಂದರಾಯಿತು. ಸೆಳೆತ ಜೋರಿದ್ದರೆ 10 ಡಿಗ್ರಿ ಸಾಲುವುದಿಲ್ಲ. ಆದರೆ ಅಂಥ ರಾತ್ರಿ ನಮ್ಮಂಥ ಹೊಸಬರು ಇಳಿಯಲೇಬಾರದು.

ದಡದ ದೀಪಗಳು

ಒಂದು ದೀಪ ಸಾಲದು, ಎರಡು ಬೇಕು. ಒಂದು ನೀರಿನ ಹತ್ತಿರ ಕೆಳಗೆ, ಇನ್ನೊಂದು ಅದರ ಹಿಂದೆ ಸ್ವಲ್ಪ ದೂರದಲ್ಲಿ ಎತ್ತರಕ್ಕೆ. ಎರಡನ್ನೂ ಸೇರಿಸುವ ಗೆರೆ ನೀರಿಗಿಳಿಯುವ ದಾರಿಯ ಮೇಲೆಯೇ ಇರಲಿ. ಮೇಲ್ಮೈಗೆ ಬಂದು ನೋಡಿದಾಗ ಎರಡೂ ಒಂದರ ಮೇಲೊಂದು ಕಂಡರೆ ನೀವು ಸರಿಯಾದ ಗೆರೆಯಲ್ಲಿದ್ದೀರಿ. ಪಕ್ಕಕ್ಕೆ ಸರಿದಿದ್ದರೆ ಕೆಳಗಿನ ದೀಪ ಯಾವ ಕಡೆ ಇದೆಯೋ ಆ ಕಡೆಗೆ ಹೋಗಿ. ಕೆಳಗಿನದು ಎಡಕ್ಕೆ ಕಂಡರೆ ನೀವೂ ಎಡಕ್ಕೆ. ಯಾಕೆ ಅಂತ ಗೊತ್ತಾಗಲು ಎರಡು ಬಾಟಲಿ ಹಿಂದೆ ಮುಂದೆ ಇಟ್ಟು, ನೀವು ಬಲಕ್ಕೆ ಸರಿದು ನೋಡಿ. ಹತ್ತಿರದ ಬಾಟಲಿ ಎಡಕ್ಕೆ ಹೋದ ಹಾಗೆ ಕಾಣುತ್ತದೆ. ಹಡಗುಗಳು ಬಂದರಿಗೆ ಬರುವುದೂ ಇದೇ ಲೆಕ್ಕದಲ್ಲಿ.

ಯಾರದೋ ಮನೆ ದೀಪ, ನಿಂತ ಕಾರಿನ ದೀಪ ನಂಬಬೇಡಿ, ನೀವು ನೀರಲ್ಲಿರುವಾಗ ಅವು ಆರಬಹುದು. ಕೆಂಪು, ಹಸಿರು ದೀಪವೂ ಬೇಡ. ದೋಣಿಗಳ ಎಡಬದಿಗೆ ಕೆಂಪು, ಬಲಬದಿಗೆ ಹಸಿರು ದೀಪ ಇರುತ್ತದೆ, ಗೊಂದಲ ಆಗುತ್ತದೆ. ದೀಪದ ಹತ್ತಿರ ಒಬ್ಬರು ಕೂತಿದ್ದರೆ ಎಲ್ಲಕ್ಕಿಂತ ಒಳ್ಳೆಯದು, ನೀವು ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಅವರಿಗೆ ಹೇಳಿರಿ.

ಉಳಿದದ್ದು, ಬೇಗ ಬೇಗ

ಅದೇ ಜಾಗದಲ್ಲಿ ಅದೇ ದಿನ ಹಗಲಲ್ಲೊಮ್ಮೆ ಇಳಿದು ನೋಡಿ. ಗುರುತು ಹಿಡಿಯುವಾಗ ದೂರದಿಂದ ಕಾಣುವ ದೊಡ್ಡ ಬಂಡೆ ಬೇಡ, ಮೂರು ಮೀಟರ್ ಹತ್ತಿರ ಹೋದಾಗ ಕಾಣುವ ಆಕಾರ ಬೇಕು. ರಾತ್ರಿ ಹವಳದ ಹುಳುಗಳು ಬಾಯಿ ಬಿಚ್ಚಿಕೊಂಡು ಆಹಾರ ಹಿಡಿಯುತ್ತವೆ, ಹಗಲಲ್ಲಿ ನೋಡಿದ ಹವಳವೇ ಬೇರೆ ಥರ ಕಾಣುತ್ತದೆ. ಮೂಲೆಯಲ್ಲಿ ಸಣ್ಣ ತೂಕಕ್ಕೆ ಮಿನುಗುವ ದೀಪ ಕಟ್ಟಿ ಮರಳಿನ ಮೇಲೆ ಇಡಿ, ಹವಳಕ್ಕೆ ಕಟ್ಟಬೇಡಿ, ಬರುವಾಗ ಎತ್ತಿಕೊಂಡು ಬನ್ನಿ.

ಕತ್ತಲಾಗುವ ಮುನ್ನವೇ ನೀರಿಗಿಳಿಯುವುದು ಸುಲಭ, ಆದರೆ ಉಷ್ಣವಲಯದಲ್ಲಿ ಮುಸ್ಸಂಜೆ ತುಂಬಾ ಚಿಕ್ಕದು. ಸೂರ್ಯ ಗಂಟೆಗೆ 15 ಡಿಗ್ರಿ ಸಾಗುತ್ತಾನೆ, ಸಮಭಾಜಕದ ಹತ್ತಿರ ಹೆಚ್ಚುಕಮ್ಮಿ ನೇರ ಕೆಳಗೆ ಇಳಿಯುತ್ತಾನೆ. ದಿಗಂತದ ಕೆಳಗೆ 6 ಡಿಗ್ರಿ ಹೋಗುವಷ್ಟರಲ್ಲಿ ಕೆಲಸ ಮಾಡುವಷ್ಟು ಬೆಳಕು ಮುಗಿಯುತ್ತದೆ, ಅಂದರೆ ಸುಮಾರು 24 ನಿಮಿಷ. ಸೂರ್ಯ ಮುಳುಗಿದ ಮೇಲೆ ಸೂಟ್ ಹಾಕಲು ಶುರು ಮಾಡಿದರೆ ತಡವಾಯಿತು ಅಂತಲೇ ಲೆಕ್ಕ.

ಹುಣ್ಣಿಮೆ ಬೆಳಕು ಚೆನ್ನಾಗಿರುತ್ತದೆ. ಆದರೆ ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ಉಬ್ಬರ ಇಳಿತದ ಅಂತರ ಜಾಸ್ತಿ, ರೀಫ್ ನಡುವಿನ ಕಿಂಡಿಗಳಲ್ಲಿ ನೀರು ಜೋರಾಗಿ ಓಡುತ್ತದೆ. ಇಳಿತ ಶುರುವಾಗಿದ್ದರೆ ಹೋಗುವಾಗ ತೇಲಿ ದಾಟಿದ ಹವಳದ ಚಪ್ಪಡಿ ಬರುವಾಗ ನೀರಿನಿಂದ ಮೇಲೆ ಎದ್ದಿರಬಹುದು. ಉದ್ದ ಮುಳ್ಳಿನ ಸಮುದ್ರ ಅರ್ಚಿನ್‌ಗಳು ರಾತ್ರಿಯೇ ಹೊರಬರುವುದು, ಕಾಲಿಡುವ ಮೊದಲು ಟಾರ್ಚ್ ಬಿಡಿ.

ಗಾಳಿ: 200 ಬಾರ್‌ನಿಂದ (ಬಾರ್ ಅಂದರೆ ಟ್ಯಾಂಕ್‌ನ ಒತ್ತಡದ ಅಳತೆ) ಹೊರಟರೆ 130ಕ್ಕೆ ತಿರುಗಿ, ನೋಡುತ್ತಿರುವುದು ಎಷ್ಟೇ ಚಂದ ಇದ್ದರೂ. ಆಕ್ಟೋಪಸ್ ಹಿಂದೆ ಹೋದರೆ ದಿಕ್ಕು ತಪ್ಪುವುದು ಖಂಡಿತ. ಹೋಗಲೇಬೇಕಾದರೆ ಒಬ್ಬರು ಕಂಪಾಸ್ ಹಿಡಿದು ಜಾಗ ಬಿಡದೆ ನಿಲ್ಲಲಿ, ಇನ್ನೊಬ್ಬರು ಅವರ ಬೆಳಕು ಕಾಣುವಷ್ಟೇ ದೂರ ಹೋಗಲಿ.

ಪ್ರತಿಯೊಬ್ಬರ ಹತ್ತಿರ ಎರಡು ಟಾರ್ಚ್, ಟ್ಯಾಂಕ್ ಮೇಲೆ ಒಂದು ಸಣ್ಣ ದೀಪ. ಟಾರ್ಚಿನಿಂದ ದೊಡ್ಡ ವೃತ್ತ ಬರೆದರೆ ಎಲ್ಲ ಸರಿ, ನಿಧಾನ ಅಡ್ಡ ಆಡಿಸಿದರೆ ಇಲ್ಲಿ ನೋಡಿ, ವೇಗವಾಗಿ ಆಡಿಸಿದರೆ ತೊಂದರೆ. ಕೈಸನ್ನೆ ಮಾಡುವಾಗ ಬೆಳಕನ್ನು ನಿಮ್ಮ ಕೈ ಮೇಲೆ ಬಿಡಿ, ಅವರ ಕಣ್ಣಿಗಲ್ಲ. ಬಡ್ಡಿ ಕಾಣದಿದ್ದರೆ ಟಾರ್ಚನ್ನು ಎದೆಗೆ ಒತ್ತಿ ಮುಚ್ಚಿ ಸುತ್ತ ತಿರುಗಿ, ಅವರ ಬೆಳಕು ಕಂಡರೂ ಕಾಣಬಹುದು. ಒಂದು ನಿಮಿಷ ಹುಡುಕಿ, ಸಿಗದಿದ್ದರೆ ನಿಧಾನ ಮೇಲೆ ಬನ್ನಿ. ಅವರೂ ಅದನ್ನೇ ಮಾಡುತ್ತಾರೆ ಅಂತ ಇಳಿಯುವ ಮೊದಲೇ ಮಾತಾಡಿಕೊಂಡಿರಬೇಕು.

ನೆಲದ ಮೇಲೆ ಅಭ್ಯಾಸ

ಬಯಲಲ್ಲಿ ಒಂದು ನಾಣ್ಯ ಇಡಿ. ತಲೆ ಮೇಲೆ ಟವೆಲ್ ಹೊದ್ದು ಕಂಪಾಸ್ ಮಾತ್ರ ಕಾಣುವ ಹಾಗೆ ಮಾಡಿಕೊಂಡು 30 ಹೆಜ್ಜೆ ಹೋಗಿ, ತಿರುಗಿ, 30 ಹೆಜ್ಜೆ ಬನ್ನಿ. ಇವತ್ತು ಬೆಳಿಗ್ಗೆಯಿಂದ ಹನ್ನೆರಡು ಸಲ ಮಾಡಿದೆ. ಮೊದಲ ಎರಡು ಸಲ ಕೈ ತಾನಾಗಿ ಬಳೆಗೆ ಹೋಯಿತು. ಆಮೇಲೆ ಹೋಗಲಿಲ್ಲ.

ಸಂಜೆ ಮತ್ತೆ ಅದೇ ಜಾಗಕ್ಕೆ ಇಳಿಯುತ್ತಿದ್ದೇವೆ. ಸ್ಲೇಟ್ ಮೇಲೆ ಬರೆದಿಟ್ಟಿದ್ದೇನೆ: ಹೋಗಲು 260, ಉತ್ತರ ಬಲಕ್ಕೆ. ಬರಲು 70, ಉತ್ತರ ಎಡಕ್ಕೆ. 130 ಬಾರ್‌ಗೆ ತಿರುಗು. 20 ಕಿಕ್, ಆಳ ನೋಡು.