ಪುಕ್ಕಟ ಕೊಟ್ಟರೂ ಸಹಿ ಯಾಕೆ?

ಬೀದರ್‌ನಲ್ಲಿ ಇಂಜಿನಿಯರಿಂಗ್ ಓದುವ ನನ್ನ ಅಣ್ಣನ ಮಗ ಹೋದ ವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದ. ಮುಖ ಸಪ್ಪಗಿತ್ತು. ಕನ್ನಡ ಟೈಪಿಂಗ್‌ನ ಒಂದು ಓಪನ್ ಸೋರ್ಸ್ (ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ, ತಿದ್ದಬಹುದಾದ) ತಂತ್ರಾಂಶದಲ್ಲಿ ‘ರ‍್ಯಾಂಕ್’ ಅಂತ ಹೊಡೆದರೆ ‘ರ್ಯಾಂಕ್’ ಅಂತ ಮೂಡುತ್ತಿತ್ತಂತೆ. ಮೂರು ರಾತ್ರಿ ಕೂತು ಸರಿಮಾಡಿದ್ದಾನೆ. ಹದಿನಾಲ್ಕು ಸಾಲು ಕೋಡ್. ಕಳಿಸಿದ ಎರಡೇ ನಿಮಿಷಕ್ಕೆ ಕೆಂಪು ಗುರುತು ಬಿದ್ದಿದೆ. ಕೋಡ್ ಚೆನ್ನಾಗಿಯೇ ಓಡುತ್ತಿದೆ, ಸಹಿ ಇಲ್ಲವಂತೆ.

“ಕಾಕಾ, ಪುಕ್ಕಟ ಕೊಡ್ಲಾಕತ್ತೀನ್ರಿ. ಅದಕ್ಕೂ ಸಹಿ ಯಾಕ ಬೇಕು? ಓಪನ್ ಸೋರ್ಸ್ ಅಂದ್ರ ಯಾರದೂ ಅಲ್ಲ, ಹೌದಿಲ್ಲೋ?”

ಈ ‘ಯಾರದೂ ಅಲ್ಲ’ ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಓದಿದವರೂ ಹೀಗೇ ಹೇಳುತ್ತಾರೆ. ಓಪನ್ ಸೋರ್ಸ್‌ನಲ್ಲಿ ಪ್ರತಿ ಸಾಲಿಗೂ ಒಬ್ಬ ಮಾಲೀಕ ಇರುತ್ತಾನೆ. ಕೋಡ್ ಬರೆದ ಗಳಿಗೆಯಲ್ಲೇ ಅದರ ಹಕ್ಕು ಬರೆದವನಿಗೆ ಬಂದಾಯಿತು. ಅರ್ಜಿ ಬೇಡ, ನೋಂದಣಿ ಬೇಡ. ನಮ್ಮ 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಕತೆ, ಕವನಗಳ ಪಕ್ಕದಲ್ಲೇ ಕೂರಿಸುತ್ತದೆ. ಬರೆದವನು ಬದುಕಿರುವಷ್ಟು ಕಾಲ, ಅವನು ಹೋದ ಮೇಲೆ ಇನ್ನೂ 60 ವರ್ಷ. ಲೈಸೆನ್ಸ್ ಇಲ್ಲದೆ ಇಂಟರ್ನೆಟ್‌ಗೆ ಹಾಕಿದ ಕೋಡನ್ನು ನೋಡಬಹುದು, ಎತ್ತಿಕೊಂಡು ಹೋಗುವ ಹಾಗಿಲ್ಲ. ಇನ್ನೊಬ್ಬರದ್ದನ್ನು ಹಾಕಿಕೊಂಡು ಕೆಳಗೆ ‘ಕಾಪಿರೈಟ್ ಉಲ್ಲಂಘಿಸುವ ಉದ್ದೇಶವಿಲ್ಲ’ ಅಂತ ಬರೆಯುವವರನ್ನು ನೋಡಿದ್ದೀರಲ್ಲ? ಅಂಗಡಿ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ ಹಾಗೆ ಅದು. ಕೋರ್ಟಿಗೆ ನಿಂಬೆಹಣ್ಣು ನಾಟುವುದಿಲ್ಲ.

ಹಾಗಾದರೆ ಲೈಸೆನ್ಸ್ ಅಂದರೇನು? ನಮ್ಮ ಕಡೆ ತೊಗರಿ ಹೊಲ ಲಾವಣಿ ಹಾಕುವುದಿಲ್ಲವೇ, ಹಾಗೆ. ಹೊಲ ನಿಮ್ಮ ಹೆಸರಲ್ಲೇ ಇರುತ್ತದೆ, ಉಳುವವನು ಬೇರೆ. ಎಂಐಟಿ ಲೈಸೆನ್ಸ್ ಬಲು ಸಡಿಲ ಲಾವಣಿ: ಏನಾದರೂ ಬೆಳೆದುಕೋ, ನನ್ನ ಹೆಸರಿನ ಫಲಕ ಮಾತ್ರ ಕೀಳಬೇಡ. ಜಿಪಿಎಲ್ ಸ್ವಲ್ಪ ಬಿಗಿ: ನೀನು ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಟ್ಟರೆ ಇದೇ ಕರಾರಿನಲ್ಲಿ, ಮೂಲ ಕೋಡ್ ಸಮೇತ ಕೊಡಬೇಕು. ಹೊಲಕ್ಕೂ ಕೋಡಿಗೂ ಒಂದೇ ವ್ಯತ್ಯಾಸ. ಹೊಲವನ್ನು ಒಬ್ಬನಿಗೆ ಕೊಟ್ಟರೆ ಮುಗಿಯಿತು, ಕೋಡನ್ನು ಲಕ್ಷ ಜನರಿಗೆ ಕೊಟ್ಟರೂ ಒಂದು ಅಕ್ಷರ ಸವೆಯುವುದಿಲ್ಲ.

ಈಗ ಸಹಿಯ ವಿಷಯ. ಇದರ ಹಿಂದೆ ಒಂದು ದೊಡ್ಡ ಜಗಳವಿದೆ. 2003ರ ಮಾರ್ಚ್‌ನಲ್ಲಿ ಎಸ್‌ಸಿಒ ಅನ್ನುವ ಅಮೆರಿಕದ ಕಂಪನಿ ಐಬಿಎಂ ಮೇಲೆ ನೂರು ಕೋಟಿ ಡಾಲರಿನ ದಾವೆ ಹೂಡಿತು. ತನ್ನ ಯೂನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನ ಸರಕನ್ನು ಐಬಿಎಂ ಲಿನಕ್ಸ್ ಅನ್ನುವ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್ಮಿನೊಳಗೆ ಸೇರಿಸಿದೆ ಅನ್ನುವುದು ಅದರ ತಕರಾರು. ಲಿನಕ್ಸ್‌ನಲ್ಲಿ ಆಗಲೇ ಲಕ್ಷಾಂತರ ಸಾಲುಗಳಿದ್ದವು. ಯಾವ ಸಾಲು ಯಾರ ಕೈಯಿಂದ, ಎಲ್ಲಿಂದ ಬಂತು? ಹಳೆಯ ಮೇಲ್‌ಗಳನ್ನು ಕೆದಕುತ್ತಾ ಕೂರಬೇಕಾಯಿತು. ಆ ಕೇಸು ಪೂರ್ತಿ ಮುಗಿದದ್ದು 2021ರಲ್ಲಿ! ಆದರೆ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 2004ರಲ್ಲೇ ಒಂದು ಸುಲಭದ ಉಪಾಯ ತಂದ. ಕೋಡ್ ಕಳಿಸುವವರು ಕೊನೆಗೆ ಒಂದು ಸಾಲು ಸೇರಿಸಬೇಕು: ‘ಸೈನ್ಡ್-ಆಫ್-ಬೈ’, ಮುಂದೆ ಹೆಸರು, ಮೇಲ್ ವಿಳಾಸ. ಅಷ್ಟೇ. ಇದು ನಾನೇ ಬರೆದದ್ದು, ಇಲ್ಲವೇ ಕೊಡುವ ಹಕ್ಕು ನನಗಿದೆ, ಈ ದಾಖಲೆ ಎಂದೆಂದಿಗೂ ಎಲ್ಲರಿಗೂ ಕಾಣುವಂತೆ ಇರುತ್ತದೆ ಅನ್ನುವುದು ನನಗೆ ಗೊತ್ತು ಅಂತ ಅದರ ಅರ್ಥ.

ಬಿದರಿ ಕೆಲಸ ನೋಡಿದವರಿಗೆ ಇದು ಬೇಗ ತಲೆಗೆ ಹತ್ತುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಹೂಜಿ ಎರಕ ಹೊಯ್ಯುತ್ತಾರೆ, ಉಳಿಯಿಂದ ಗೆರೆ ಕೊರೆಯುತ್ತಾರೆ, ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾರೆ. ಆಮೇಲೆ ಬೀದರ್ ಕೋಟೆಯ ಮಣ್ಣು ಹಾಕಿ ಕಪ್ಪು ಮಾಡುತ್ತಾರೆ. ಇಷ್ಟೆಲ್ಲ ಆದ ಮೇಲೆ ಯಾರೋ ಬಂದು ‘ಆ ಹೂವಿನ ಬೆಳ್ಳಿ ನನ್ನ ಮನೆಯಿಂದ ಕದ್ದದ್ದು’ ಅಂದರೆ? ತಂತಿ ಕಿತ್ತರೆ ಹೂಜಿಯೇ ಕೆಡುತ್ತದೆ. ಅದಕ್ಕೇ ಬಡಿಯುವ ಮೊದಲೇ ಕೇಳಬೇಕು, ಬೆಳ್ಳಿ ಎಲ್ಲಿಂದ ತಂದಿ ಅಂತ.

ಕೆಲವು ಕಡೆ ಈ ಒಂದು ಸಾಲು ಸಾಲದು. ಓಪನ್ ಸೋರ್ಸ್ ತಂತ್ರಾಂಶಗಳನ್ನು ನಡೆಸುವ ಅಪಾಚೆ ಫೌಂಡೇಶನ್ ಒಂದು ಒಪ್ಪಂದಕ್ಕೇ ಸಹಿ ಕೇಳುತ್ತದೆ. ಹಕ್ಕು ನಿಮ್ಮದೇ, ಬಳಸಲು ಅನುಮತಿ ಅವರಿಗೆ. ಅದರಲ್ಲಿ ‘ಶಾಶ್ವತವಾಗಿ, ಪ್ರಪಂಚದ ಎಲ್ಲ ಕಡೆ’ ಅನ್ನುವ ಮಾತು ಬರುತ್ತದೆ. ವಕೀಲರು ಸುಮ್ನೆ ಉದ್ದ ಎಳೆದಿದ್ದಾರೆ ಅಂತ ನಾನೂ ಅಂದುಕೊಂಡಿದ್ದೆ. ಆಮೇಲೆ ನಮ್ಮ ಕಾಯ್ದೆಯ 19ನೇ ಸೆಕ್ಷನ್ ಓದಿದೆ. ಅವಧಿ ಬರೆಯದಿದ್ದರೆ ಐದೇ ವರ್ಷ, ಜಾಗ ಬರೆಯದಿದ್ದರೆ ಭಾರತದೊಳಗೆ ಮಾತ್ರ! ಲೈಸೆನ್ಸ್‌ಗಳಿಗೂ ಇದು ಅನ್ವಯಿಸುತ್ತದೆ ಅನ್ನುವುದು 30ಎ ಸೆಕ್ಷನ್. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಇನ್ನೊಂದು ಫಜೀತಿ ಇದೆ. ಎಲ್ಲರ ಹಕ್ಕೂ ಅವರವರ ಬಳಿಯೇ ಉಳಿದರೆ ಮುಂದೆ ಲೈಸೆನ್ಸ್ ಬದಲಿಸುವುದು ಹೇಗೆ? ಒಟ್ಟು ಮನೆತನದ ಹೊಲ ಮಾರಲು ಹೋದ ಹಾಗೆ. ಪುಣೆಯಲ್ಲಿರುವ ಚಿಕ್ಕಪ್ಪನೂ ಬರಬೇಕು, ಮಾತು ಬಿಟ್ಟ ಅತ್ತೆಯೂ ಬರಬೇಕು. ವಿಎಲ್‌ಸಿ ಪ್ಲೇಯರ್ ಗೊತ್ತಲ್ಲ, ಸಿನಿಮಾ ನೋಡುವುದು? ಅದರ ಮುಖ್ಯ ಭಾಗವನ್ನು ಜಿಪಿಎಲ್‌ನಿಂದ ಅದಕ್ಕಿಂತ ಸಡಿಲವಾದ ಎಲ್‌ಜಿಪಿಎಲ್‌ಗೆ ಬದಲಿಸಲು 2011ರ ಹೊತ್ತಿಗೆ ನೂರಕ್ಕೂ ಜಾಸ್ತಿ ಜನರನ್ನು ಹುಡುಕಿ ಹುಡುಕಿ ಒಪ್ಪಿಗೆ ಪಡೆಯಬೇಕಾಯಿತು.

ಹುಡುಗ ಎಲ್ಲ ಕೇಳಿಸಿಕೊಂಡ. ಹದಿನಾಲ್ಕು ಸಾಲೂ ನಿನ್ನವೇ ಏನೋ ಅಂದೆ. ತಲೆ ಕೆರೆದುಕೊಂಡ. ನಾಲ್ಕು ಸಾಲು ಸ್ಟ್ಯಾಕ್ ಓವರ್‌ಫ್ಲೋ ಅನ್ನುವ ಕೋಡಿಂಗ್ ಪ್ರಶ್ನೋತ್ತರದ ಸೈಟಿನಿಂದ ಎತ್ತಿದ್ದನಂತೆ. ಅಲ್ಲಿನ ಬರಹಕ್ಕೂ ಲೈಸೆನ್ಸ್ ಇದೆ, ಕ್ರಿಯೇಟಿವ್ ಕಾಮನ್ಸ್: ಬರೆದವರ ಹೆಸರು ಹಾಕಬೇಕು, ತಿದ್ದಿ ಹಂಚಿದರೆ ಅದೇ ಕರಾರಿನಲ್ಲಿ ಹಂಚಬೇಕು. ಅದನ್ನು ಈ ಟೈಪಿಂಗ್ ತಂತ್ರಾಂಶದ ಎಂಐಟಿ ಕೋಡಿನಲ್ಲಿ ಹಾಗೇ ಬೆರೆಸಲು ಬರುವುದಿಲ್ಲ. ಚಹಾ ಆರುವಷ್ಟರಲ್ಲಿ ಆ ಭಾಗವನ್ನು ತಾನೇ ಬರೆದ. ಹನ್ನೊಂದು ಸಾಲಿಗೆ ಇಳಿಯಿತು. ನೌಕರಿಗೆ ಸೇರಿದ ಮೇಲೆ ಮಾತ್ರ ಹುಷಾರು, ಕೆಲಸದ ಭಾಗವಾಗಿ ಬರೆದ ಕೋಡಿಗೆ ಬೇರೆ ಕರಾರು ಇಲ್ಲದಿದ್ದರೆ ಮಾಲೀಕ ಕಂಪನಿಯೇ ಅಂತಲೂ ಹೇಳಿದೆ. ಕಿವಿಗೆ ಬಿತ್ತೋ ಇಲ್ಲವೋ.

ಕೋಡಿನ ಬದಲಾವಣೆ ದಾಖಲಿಸುವ ‘ಗಿಟ್ ಕಮಿಟ್’ ಆಜ್ಞೆಯ ಮುಂದೆ ‘ಮೈನಸ್ ಎಸ್’ ಹೊಡೆದರೆ ಸಹಿ ತಾನಾಗೇ ಬೀಳುತ್ತದೆ. ಹೊಡೆಯಲು ಹೋದವನು ಬೆರಳು ಹಿಂದೆ ತೆಗೆದ.

“ಕಾಕಾ, ಮೇಲ್ ಐಡಿ ಎಂದೆಂದಿಗೂ ಎಲ್ಲಾರಿಗೂ ಕಾಣ್ತದಂದ್ರಲ್ರಿ?”

“ಹೂಂ, ಕಾಣ್ತದ. ಯಾಕ?”

ಎಂಟನೇ ಕ್ಲಾಸಿನಲ್ಲಿ ಮಾಡಿದ ಐಡಿ. ಅವನ ಹೆಸರು, ಅದರ ಹಿಂದೆ ಒಬ್ಬ ಹೀರೋನ ಬಿರುದು, ಕೊನೆಗೆ ‘ಡಾನ್’. ಮೊದಲು ಹೊಸ ಐಡಿ ಮಾಡಿಕೊಂಡ.