ಆಕ್ಲೆಂಡ್‌ನಲ್ಲಿ ಹುಟ್ಟಿದ ಕಲಬುರಗಿ ಮನೆತನದ ಹುಡುಗ ಭಾರತಕ್ಕೆ ರಗ್ಬಿ ಆಡಬಹುದೇ?

ಪ್ರಶ್ನೆ: ನಮ್ಮ ತಮ್ಮ ಕಲಬುರಗ್ಯಾಗ ಹುಟ್ಟಿ ಬೆಳದಂವ, ಈಗ ಆಕ್ಲೆಂಡ್‌ದಾಗ ಅದಾನ್ರಿ. ಅವನ ಮಗ ಅಲ್ಲೇ ಹುಟ್ಟ್ಯಾನ, ರಗ್ಬಿ ಛಲೋ ಆಡ್ತಾನ. ಅಂವ ಭಾರತದ ಪರ ಆಡಬಹುದೇನ್ರಿ? ಒಮ್ಮೆ ನ್ಯೂಜಿಲೆಂಡಿಗೆ ಆಡಿದ್ರ ಆಮ್ಯಾಲ ಇತ್ತ ಬರ್ಲಿಕ್ಕ ಆಗಲ್ಲೇನು?

ಉತ್ತರ: ರಗ್ಬಿಯ ನಿಯಮದ ಪ್ರಕಾರ ಆಡಬಹುದು. ಭಾರತ ಸರ್ಕಾರದ ನಿಯಮದ ಪ್ರಕಾರ, ಅವನ ಬಳಿ ಭಾರತದ ಪಾಸ್‌ಪೋರ್ಟ್ ಇದ್ದರೆ ಮಾತ್ರ.

ರಗ್ಬಿಯ ಜಾಗತಿಕ ಆಡಳಿತ ಸಂಸ್ಥೆಯಾದ ವರ್ಲ್ಡ್ ರಗ್ಬಿ ಪಾಸ್‌ಪೋರ್ಟ್ ಕೇಳುವುದಿಲ್ಲ. ಆಟಗಾರನೋ, ಅವನ ತಂದೆ-ತಾಯಿ, ಅಜ್ಜ-ಅಜ್ಜಿಯರಲ್ಲಿ ಒಬ್ಬರೋ ಆ ದೇಶದಲ್ಲಿ ಹುಟ್ಟಿದ್ದರೆ ಸಾಕು. ಅದಿಲ್ಲದಿದ್ದರೆ ಸತತ 60 ತಿಂಗಳು ಆ ದೇಶದ ರಗ್ಬಿ ಸಂಸ್ಥೆಯಲ್ಲಷ್ಟೇ ಆಟಗಾರನಾಗಿ ನೋಂದಾಯಿಸಿಕೊಂಡಿರಬೇಕು, ಇಲ್ಲವೇ ಒಟ್ಟು ಹತ್ತು ವರ್ಷ ಅಲ್ಲಿ ನೆಲೆಸಿರಬೇಕು. ಮೊದಲು ಸತತ 36 ತಿಂಗಳ ವಾಸ ಸಾಕಿತ್ತು. 371ಜೆ ಪ್ರಮಾಣಪತ್ರ ಮಾಡಿಸಿದ ನಮ್ಮ ಭಾಗದವರಿಗೆ ಈ ಲೆಕ್ಕ ಹೊಸದಲ್ಲ, ಅಲ್ಲೂ ಹುಟ್ಟು ಇಲ್ಲವೇ ವಾಸವನ್ನೇ ನೋಡುತ್ತಾರೆ.

ವಾಸದಿಂದ ಬಂದವರ ನಿಷ್ಠೆ ಅರೆಬರೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೈಕೆಲ್ ಲೀಚ್ ಹುಟ್ಟಿದ್ದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ, ತಾಯಿ ಫಿಜಿಯವರು. 15ನೇ ವಯಸ್ಸಿನಲ್ಲಿ ಓದಲು ಜಪಾನಿನ ಸಪ್ಪೊರೊಗೆ ಹೋದರು. 2008ರಿಂದಲೇ ಜಪಾನ್ ಪರ ಆಡಿದರು, ಪೌರತ್ವ ಸಿಕ್ಕಿದ್ದು 2013ರಲ್ಲಿ. 2015ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾ ಎದುರು ಕೊನೆಯ ಗಳಿಗೆಯಲ್ಲಿ ಜಪಾನ್ 29-32ರಿಂದ ಹಿಂದಿತ್ತು. ಪೆನಾಲ್ಟಿ ಸಿಕ್ಕಿತ್ತು. ಕಂಬದ ನಡುವೆ ಒದ್ದಿದ್ದರೆ ಪಂದ್ಯ ಸಮ. ನಾಯಕ ಲೀಚ್ ಅದು ಬೇಡವೆಂದು, ಎರಡೂ ತಂಡದವರು ಹೆಗಲುಕೊಟ್ಟು ತಳ್ಳಾಡಿ ಚೆಂಡಿಗೆ ಸೆಣಸುವ ಸ್ಕ್ರಮ್ ಆರಿಸಿದರು. ಚೆಂಡು ಮೂಲೆಗೆ ಸಾಗಿ ಕಾರ್ನ್ ಹೆಸ್ಕೆತ್ ಅದನ್ನು ಗೆರೆಯಾಚೆ ಊರಿ ಐದು ಅಂಕ ತಂದರು, ಜಪಾನ್ 34-32ರಿಂದ ಗೆದ್ದಿತು. ಹೆಸ್ಕೆತ್ ಕೂಡ ನ್ಯೂಜಿಲೆಂಡಿನಲ್ಲಿ ಹುಟ್ಟಿದವರೇ. ಅಂದು ಜಪಾನಿಗರು ಆನಂದದಿಂದ ಅತ್ತಿದ್ದು ಪರದೇಶಿಗಳು ಗೆದ್ದರೆಂದಲ್ಲ, ತಮ್ಮವರು ಗೆದ್ದರೆಂದು.

ಇನ್ನು ಎರಡನೆಯ ಪ್ರಶ್ನೆ. ಮೊದಲೆಲ್ಲ ಒಂದು ದೇಶದ ಹಿರಿಯರ ತಂಡಕ್ಕೆ ಆಡಿದರೆ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. 2022ರ ಜನವರಿಯಿಂದ ದಾರಿ ತೆರೆದಿದೆ: ಕೊನೆಯ ಪಂದ್ಯವಾಗಿ ಮೂರು ವರ್ಷ ಕಳೆದಿದ್ದರೆ, ಹೊಸ ದೇಶದಲ್ಲಿ ತಾನೋ ಹೆತ್ತವರೋ ಅಜ್ಜ-ಅಜ್ಜಿಯೋ ಹುಟ್ಟಿದ್ದರೆ, ಒಮ್ಮೆ ಬದಲಾಯಿಸಬಹುದು. ಆಕ್ಲೆಂಡ್‌ನಲ್ಲೇ ಹುಟ್ಟಿದ ಚಾರ್ಲ್ಸ್ ಪಿಯುಟಾವು ನ್ಯೂಜಿಲೆಂಡಿಗೆ 17 ಟೆಸ್ಟ್ (ರಗ್ಬಿಯಲ್ಲಿ ದೇಶ-ದೇಶಗಳ ನಡುವಿನ ಪಂದ್ಯ) ಆಡಿ, ಆಮೇಲೆ ಹೆತ್ತವರ ನಾಡು ಟೊಂಗಾದ ಜೆರ್ಸಿ ತೊಟ್ಟರು. ಸಣ್ಣ ದ್ವೀಪಗಳ ಮಕ್ಕಳನ್ನು ದೊಡ್ಡ ದೇಶಗಳು ಆಡಿಸಿ ಕೈಬಿಡುತ್ತಿದ್ದ ಅನ್ಯಾಯಕ್ಕೆ ಇದು ತಡವಾಗಿ ಸಿಕ್ಕ ಪರಿಹಾರ.

ಹಾಗಾಗಿ ನಿಮ್ಮ ತಮ್ಮನ ಮಗನಿಗೆ ರಗ್ಬಿಯ ಬಾಗಿಲು ಮುಚ್ಚಿಲ್ಲ. ಅಡ್ಡಿ ಇರುವುದು ನಮ್ಮ ಕಡೆಯೇ. ಪಾಸ್‌ಪೋರ್ಟ್ ಇದ್ದವರೇ ಭಾರತವನ್ನು ಪ್ರತಿನಿಧಿಸಬೇಕೆಂದು ಕ್ರೀಡಾ ಸಚಿವಾಲಯ 2008ರಲ್ಲಿ ನಿಯಮ ಮಾಡಿತು, 2010ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ವಿದೇಶದ ಪ್ರಜೆಗಳಾಗಿರುವ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಪೌರತ್ವವಲ್ಲ. ಅವನು ನ್ಯೂಜಿಲೆಂಡ್ ಪ್ರಜೆಯಾಗಿದ್ದರೆ ಅದನ್ನು ಬಿಟ್ಟುಕೊಟ್ಟೇ ಇಲ್ಲಿಯವನಾಗಬೇಕು, ಏಕೆಂದರೆ ನಮ್ಮಲ್ಲಿ ಇಬ್ಬಗೆ ಪೌರತ್ವವಿಲ್ಲ. ಅರ್ಜಿ ಹಾಕುವ ಮುನ್ನ ಇಲ್ಲಿ ಒಂದು ವರ್ಷ ವಾಸವೂ ಬೇಕು. ಹದಿಹರೆಯದ ಹುಡುಗನಿಗೆ ಇದು ಭಾರದ ಬೆಲೆ. ಒಸಿಐ ಇದ್ದವರಿಗೂ ಅವಕಾಶ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಪಾಸ್‌ಪೋರ್ಟ್ ವಿಷಯ ಅವನೇ ನಿರ್ಧರಿಸಲಿ, ಮನೆಯವರು ಒತ್ತಾಯ ಮಾಡಬೇಡಿ. ನಿಮ್ಮ ಕೈಲಾಗುವ ಕೆಲಸವೆಂದರೆ ತಮ್ಮನ ಜನನ ಪ್ರಮಾಣಪತ್ರ ಹುಡುಕಿಡುವುದು. ಹುಟ್ಟು ನೋಂದಣಿಯೇ ಆಗಿಲ್ಲದಿದ್ದರೆ ಈಗಲೇ ಓಡಾಟ ಶುರು ಮಾಡಿ, ತಡವಾದ ನೋಂದಣಿಗೆ ಆದೇಶ ತರಬೇಕಾಗುತ್ತದೆ.